ಸೇವಂತಿಗೆಯ ಬಣ್ಣ ಎಲೆಯಲ್ಲೇ ಇದೆ

ಧಾರವಾಡ, ಗದಗ, ಹಾವೇರಿಯ ಹೂ ಬೆಳೆಗಾರ ಬಾಂಧವರಿಗೆ ನಮಸ್ಕಾರ.

ಬೆಳೆಯ ಸಿರಿ ಮೊಳಕೆಯಲ್ಲೇ ಕಾಣು ಎನ್ನುತ್ತೇವೆ. ಹೂವಿನ ತಳಿ ತೆಗೆಯುವವರಿಗೆ ಈ ಮಾತು ಬಹಳ ಕಾಲ ದಕ್ಕಿರಲಿಲ್ಲ. ಸೇವಂತಿಗೆ ತನ್ನ ಪರಾಗಕ್ಕೆ ತಾನೇ ಬೀಜ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಹೀಗಾಗಿ ಸಾವಿರ ಬೀಜ ಬಿತ್ತಿದರೆ ಸಾವಿರ ಬಗೆಯ ಅಗಿ. ಎಲ್ಲವನ್ನೂ ಹಚ್ಚಿ, ನೀರು ಗೊಬ್ಬರ ಕೊಟ್ಟು, ಹಗಲು ಚಿಕ್ಕದಾಗಿ ಮೊಗ್ಗು ಬರುವ ತನಕ ಕಾಯಬೇಕು. ಜೀನೋಮ್, ಅಂದರೆ ಗಿಡದ ಡಿಎನ್‌ಎಯಲ್ಲಿರುವ ಪೂರ್ತಿ ವಂಶಬರಹ, ಓದಿದರೆ ಈ ಕಾಯುವಿಕೆ ತಪ್ಪುತ್ತದೆ. ಹೂವಿಗೆ ಕಾಯದೆ ಎಲೆಯಲ್ಲೇ ಆರಿಸಬಹುದು.

ಬಿಳಿ ಸೇವಂತಿಗೆಯ ಗಿಡದಲ್ಲಿ ಒಂದೇ ಟೊಂಗೆ ಹಳದಿ ಹೂ ಬಿಟ್ಟಿದ್ದನ್ನು ನೀವು ನೋಡಿರಬಹುದು. ಬೆರಕೆ ಸಸಿ ಎಂದು ಕಿತ್ತೊಗೆಯುತ್ತಾರೆ. ಬೆರಕೆಯಾಗಿದ್ದರೆ ಇಡೀ ಗಿಡ ಹಳದಿಯಾಗಬೇಕಿತ್ತಲ್ಲ? ನಿಜ ಸಂಗತಿ ಬಹಳ ಚೆಂದದ್ದು. ಬಿಳಿ ಎಸಳಿನಲ್ಲೂ ಹಳದಿ ಬಣ್ಣ ತಯಾರಾಗುತ್ತದೆ. ಸಿಸಿಡಿ4ಎ ಎಂಬ ವಂಶವಾಹಿಯಿಂದ ಹುಟ್ಟುವ ಕಿಣ್ವ ಅದನ್ನು ಕತ್ತರಿಯಂತೆ ತುಂಡರಿಸಿ ಹಾಕುತ್ತದೆ. ಉಳಿಯುವುದು ಬಿಳುಪು. ಒಂದು ಟೊಂಗೆಯಲ್ಲಿ ಈ ವಂಶವಾಹಿ ಕಳೆದುಹೋದರೆ ಹಳದಿ ಹಾಗೇ ಉಳಿದುಬಿಡುತ್ತದೆ. 2006ರಲ್ಲಿ ಜಪಾನಿನ ವಿಜ್ಞಾನಿಗಳು ಅದೊಂದನ್ನೇ ಅಡಗಿಸಿದರು, ಬಿಳಿ ಹೂವು ಹಳದಿಯಾಯಿತು. ಆ ಕತ್ತರಿ ಕೆಲಸ ಮಾಡುವುದು ಎಸಳಿನಲ್ಲಿ. ಆದರೆ ಅದರ ಬರಹ ಎಲೆಯ ಪ್ರತಿ ಕೋಶದಲ್ಲೂ ಇದೆ. ಅದಕ್ಕೇ ನಾಲ್ಕೆಲೆಯ ಅಗಿಯಲ್ಲೇ ಪರೀಕ್ಷೆ ಮಾಡಿ ಬೇಡದ್ದನ್ನು ತೆಗೆದುಹಾಕಬಹುದು. ಹೊರಗಿನ ವಂಶವಾಹಿ ತುರುಕುವ ಕೆಲಸವಲ್ಲ ಇದು. ಇದ್ದದ್ದನ್ನು ಓದುವುದು, ಅಷ್ಟೇ.

ಓದುವುದು ಸುಲಭವಲ್ಲ. ಗುಲಾಬಿಯ ಜೀನೋಮ್ 2018ರಲ್ಲೇ ಬಂತು, ಡಿಎನ್‌ಎ ಬರಹದ ಸುಮಾರು 50 ಕೋಟಿ ಅಕ್ಷರ. ತೋಟದ ಸೇವಂತಿಗೆಯದು 2023ರಲ್ಲಿ ಬಂತು, 800 ಕೋಟಿಗೂ ಹೆಚ್ಚು. ಡಿಎನ್‌ಎ ಸುತ್ತಿಕೊಂಡಿರುವ ವರ್ಣತಂತುಗಳು 54, ಒಂದೊಂದು ಬಗೆಯದೂ ಆರಾರು. ಒಂದೇ ದಡಿಯ ಆರು ಇಳಕಲ್ ಸೀರೆ ಚೂರು ಮಾಡಿ, ಯಾವ ಚೂರು ಯಾವ ಸೀರೆಯದೆಂದು ಹುಡುಕಿ ಹೊಲಿದ ಹಾಗೆ.

ಸಮಯ ಕಡಿಮೆ ಇದೆ, ನಿಮ್ಮ ಕೈಯಲ್ಲಿರುವ ಕೆಲಸ ಹೇಳಿಬಿಡುತ್ತೇನೆ. ಬಣ್ಣ ಬದಲಿಸಿದ ಟೊಂಗೆ ಕಂಡರೆ ದಾರ ಕಟ್ಟಿ ಗುರುತು ಮಾಡಿ. ಬುಡದ ಮರಿ ಕಿತ್ತು ನೆಟ್ಟರೆ ಮತ್ತೆ ಬಿಳಿಯೇ ಬರುತ್ತದೆ, ಬದಲಾದದ್ದು ಆ ಟೊಂಗೆ ಮಾತ್ರ. ಅದರದೇ ಕುಡಿಯನ್ನು 5ರಿಂದ 7 ಸೆಂಟಿಮೀಟರ್ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೇವದ ಮರಳಲ್ಲಿ ಊರಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ.

ಪರೀಕ್ಷೆಗೆ ಅದೇ ಟೊಂಗೆಯ ಎಳೆಯ ಎಲೆ ಬೇಕು. ಹಸಿ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಬೆವತು, ಕಂದಾಗಿ, ಬೂಸಲು ಹಿಡಿಯುತ್ತದೆ. ಆ ಕಂದು ಡಿಎನ್‌ಎಗೆ ಅಂಟಿಕೊಂಡರೆ ಪಿಸಿಆರ್, ಅಂದರೆ ಬೇಕಾದ ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಪರೀಕ್ಷೆ, ನಡೆಯುವುದೇ ಇಲ್ಲ. ಒರೆಸಿ, ಕಾಗದದ ಲಕೋಟೆಗೆ ಹಾಕಿ, ಎಲೆಯ ಹತ್ತು ಪಟ್ಟು ತೂಕದ, ತೇವ ಹೀರುವ ಸಿಲಿಕಾ ಜೆಲ್ ಹರಳು ಇರುವ ಡಬ್ಬಿಯಲ್ಲಿ ಮುಚ್ಚಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ. ಇಡೀ ಜೀನೋಮ್ ಓದಲು ಮಾತ್ರ ಒಣ ಎಲೆ ಆಗದು, ಡಿಎನ್‌ಎಯ ಎಳೆ ತುಂಡಾಗಿರುತ್ತದೆ. ಬಣ್ಣದ ಪರೀಕ್ಷೆಗೆ ಧಾರಾಳ ಸಾಕು. ಕುಡಿಗೂ ಲಕೋಟೆಗೂ ಒಂದೇ ನಂಬರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನೀರು ತಾಕಿದರೆ ಹರಡುತ್ತದೆ.

ನಮಸ್ಕಾರ.