ಪೊನ್ನಿಗೆ ಕೇಳಿಸುವುದಿಲ್ಲ

ಕೇಳುಗರಿಗೆ ನಮಸ್ಕಾರ.

ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದಿದ್ದ ಒಂದು ಸಂಜೆ. ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ನಾನೂ ನನ್ನ ಮೊಮ್ಮಗಳೂ ಕುಳಿತಿದ್ದೆವು. ಕರೆಂಟ್ ಹೋಗಿತ್ತು, ನಮ್ಮ ಕಡೆ ಅದೇನೂ ಸುದ್ದಿಯಲ್ಲ. ಹದಿಮೂರು ವರ್ಷದ ಹುಡುಗಿ ಇದ್ದಕ್ಕಿದ್ದಂತೆ ಎರಡೂ ಕಿವಿ ಮುಚ್ಚಿಕೊಂಡು, ‘ಅಜ್ಜ, ಈ ಗಲಾಟೆಯಲ್ಲಿ ಅದು ಹೇಗೆ ತೂಕಡಿಸುತ್ತೀರಿ?’ ಎಂದಳು. ನನಗೆ ಕೇಳುತ್ತಿದ್ದುದು ತೋಡಿನ ನೀರು, ಜೀರುಂಡೆ, ಲೈನ್ ಮನೆಯ ನಾಯಿ, ಇಷ್ಟೇ. ‘ಅದಲ್ಲ, ಅದರ ಮೇಲೆ ಸೂಜಿಯ ಹಾಗೆ ಇನ್ನೊಂದು ಇದೆಯಲ್ಲ!’ ಎಂದವಳು ಟಾರ್ಚ್ ಹಿಡಿದು ನನ್ನನ್ನು ಕಿತ್ತಳೆ ಗಿಡದ ಬಳಿಗೆ ಎಳೆದೊಯ್ದಳು. ಎಲೆಯ ಮೇಲೆ ಹಸಿರು ಮಿಡತೆಯೊಂದು ರೆಕ್ಕೆಗೆ ರೆಕ್ಕೆ ತೀಡುತ್ತಿತ್ತು. ಅದುರುವುದು ಕಣ್ಣಿಗೆ ಕಾಣುತ್ತಿತ್ತು. ಸದ್ದು ಮಾತ್ರ ಸೊನ್ನೆ.

ಮನುಷ್ಯನ ಎಳೆಯ ಕಿವಿ ಸುಮಾರು 20 ಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 20 ಅದುರುಗಳಿಂದ, 20,000 ಹರ್ಟ್ಸ್ ವರೆಗಿನ ಕಂಪನಗಳನ್ನು ಹಿಡಿಯುತ್ತದೆ. ಹರೆಯ ದಾಟುತ್ತಿದ್ದಂತೆ ಮೇಲಿನ ತುದಿ ಸವೆಯತೊಡಗುತ್ತದೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವಾಗುವುದಿಲ್ಲ, ಇಂಥ ದಿನ ಹೋಯಿತೆಂದು ಯಾರೂ ಚೀಟಿ ಕಳುಹಿಸುವುದೂ ಇಲ್ಲ. ಅಂದಹಾಗೆ, ಎಫ್‌ಎಂ ಬಾನುಲಿಯೂ 15,000 ಹರ್ಟ್ಸ್‌ಗಿಂತ ಮೇಲಿನ ದನಿಯನ್ನು ಹೊತ್ತು ತರುವುದಿಲ್ಲ. ಇನ್ನೂ ಮೇಲೆ ಹಾಡುವ ಮಿಡತೆಯನ್ನು ಈ ಸ್ಟುಡಿಯೋದ ಮೈಕಿನ ಮೇಲೇ ಕೂರಿಸಿದರೂ ನಿಮ್ಮ ಮನೆಯ ಮಕ್ಕಳಿಗೆ ಕೇಳುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಬಾನುಲಿಗೂ ನನಗೂ ಒಂದೇ ವಯಸ್ಸು.

ಆ ರಾತ್ರಿ ಶುರುವಾದ ಕಾದಂಬರಿಯ ಬಗ್ಗೆ ಇವತ್ತು ಮಾತನಾಡುತ್ತೇನೆ. ಹರೆಯದ ಮಕ್ಕಳಿಗಾಗಿ ಬರೆಯುತ್ತಿರುವುದು, ಎರಡು ಮಳೆಗಾಲ ಕಳೆದರೂ ಮುಗಿದಿಲ್ಲ. ಇಂಥವುಗಳಿಗೆ ಡಿಸ್ಟೋಪಿಯ ಎಂಬ ಹೆಸರಿದೆ. ನಾನು ‘ಕೆಟ್ಟ ನಾಳೆಯ ಕಥೆ’ ಎಂದುಕೊಳ್ಳುತ್ತೇನೆ.

ಕಥೆಯ ಕೊಡಗಿನಲ್ಲಿ ಬರೆಗಳು, ಅಂದರೆ ಗುಡ್ಡದ ಕಡಿದಾದ ಇಳಿಜಾರುಗಳು, ಮತ್ತೆ ಮತ್ತೆ ಜರಿದಿವೆ. ಆ ಇಳಿಜಾರಿನ ಊರುಗಳಲ್ಲಿ ಹುಟ್ಟಿದ ಕೆಲವು ಮಕ್ಕಳಿಗೆ ವಿಚಿತ್ರ ಶಕ್ತಿ ಬಂದಿದೆ. ಎದುರಿಗಿರುವವರ ಮನಸ್ಸಿನ ಮಾತು ಕೇಳುತ್ತದೆ, ಮಣ್ಣಿನೊಳಗೆ ನೀರು ತುಂಬುವುದು ಕೇಳುತ್ತದೆ, ತೋಟದಾಚೆ ನಿಂತ ಆನೆಗಳ ಮಾತೂ ಕೇಳುತ್ತದೆ. ಆನೆಗಳು 20 ಹರ್ಟ್ಸ್‌ಗಿಂತ ಕೆಳಗಿನ, ನಮ್ಮ ಕಿವಿಗೆ ಎಟುಕದ ದನಿಯಲ್ಲಿ ಕಿಲೋಮೀಟರುಗಟ್ಟಲೆ ದೂರಕ್ಕೆ ಸುದ್ದಿ ಮುಟ್ಟಿಸುತ್ತವೆ ಎಂಬುದು ನಿಜ. ಉಳಿದದ್ದು ನನ್ನ ಕಲ್ಪನೆ. ಈ ಶಕ್ತಿಗೆ ಕಥೆಯಲ್ಲಿ ‘ಒಳಗಿವಿ’ ಎಂದೇ ಹೆಸರು. ವೈದ್ಯರ ಪದವನ್ನು ಕದ್ದಿದ್ದೇನೆ, ಅವರು ಕ್ಷಮಿಸಲಿ.

ಸರ್ಕಾರ ಮಕ್ಕಳಿಗೆ ಸರಪಳಿ ಹಾಕುವುದಿಲ್ಲ. ಚಾವಟಿ ಹಿಡಿದ ಖಳನಾಯಕರಿಗೆ ನಾನು ಹೆದರುವುದಕ್ಕಿಂತ ರಬ್ಬರ್ ಮೊಹರು ಹಿಡಿದ ಗುಮಾಸ್ತರಿಗೆ ಹೆದರುವುದು ಹೆಚ್ಚು. ಮಡಿಕೇರಿ ಕೋಟೆಯಲ್ಲಿ ಒಂದು ಶ್ರವಣ ಕಚೇರಿ. ಪ್ರತಿ ಅಮಾವಾಸ್ಯೆಗೆ ಮಕ್ಕಳು ಕೋಟೆಯೊಳಗಿನ ಆ ಎರಡು ಗಾರೆಯ ಆನೆಗಳ ನೆರಳಿನಲ್ಲಿ ಸಾಲಾಗಿ ನಿಲ್ಲಬೇಕು, ಪರೀಕ್ಷೆ ಕೊಡಬೇಕು. ಪಾಸಾದ ಮಗುವಿನ ಊರಿಗೆ ಅಕ್ಕಿ, ಡಾಕ್ಟರು, ರಸ್ತೆಗೆ ಜಲ್ಲಿ. ನಪಾಸಾದರೆ ಇಡೀ ಊರನ್ನು ಲಾರಿಗೆ ತುಂಬಿ ಬಯಲಿನ ಶಿಬಿರಕ್ಕೆ ಇಳಿಸುತ್ತಾರೆ, ಸುರಕ್ಷತೆಯ ಹೆಸರಿನಲ್ಲಿ.

ಪೊನ್ನಿ ತನ್ನ ಊರಿಗೆ ಉಳಿದಿರುವ ಏಕೈಕ ಒಳಗಿವಿ. ವಯಸ್ಸು ಹದಿನೇಳು. ಒಂದು ಬೆಳಿಗ್ಗೆ ಏಳುತ್ತಾಳೆ. ಪಾತ್ರೆ ತೊಳೆಯುತ್ತಿರುವ ಅಮ್ಮನ ಮನಸ್ಸಿನಿಂದ ಏನೂ ಬರುವುದಿಲ್ಲ. ಪಾತ್ರೆಯ ಸದ್ದು ಮಾತ್ರ. ಅವಳು ಯಾರಿಗೂ ಹೇಳುವುದಿಲ್ಲ.

ಪರೀಕ್ಷೆಗೆ ನಾನು ಹೊಸದೇನನ್ನೂ ಹೊಸೆಯಬೇಕಾಗಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಎಂಬವರು ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುತ್ತದೆಯೇ ಎಂದು ಸಾವಿರಾರು ಸಲ ಪರೀಕ್ಷಿಸಿದರು. ಇಸ್ಪೀಟಿನಂಥ 25 ಎಲೆಗಳ ಒಂದು ಕಟ್ಟು. ವೃತ್ತ, ಕೂಡು ಚಿಹ್ನೆ, ಅಲೆಗೆರೆ, ಚೌಕ, ನಕ್ಷತ್ರ, ಒಂದೊಂದೂ ಐದೈದು. ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದರೂ ಸರಾಸರಿ ಐದು ಸರಿಯಾಗುತ್ತವೆ. ರೈನ್ ಅವರ ಕೆಲವರು ಅದಕ್ಕಿಂತ ಎಷ್ಟೋ ಹೆಚ್ಚು ಹೇಳಿದರಂತೆ. ಆದರೆ ದಿನ ಕಳೆದಂತೆ ಅವರ ಅಂಕಗಳು ಇಳಿದವು. ಶಕ್ತಿ ದಣಿಯಿತು ಎಂದು ನಂಬಿದವರು ಹೇಳಿದರು. ಮೊದಲಿನದು ಅದೃಷ್ಟ, ಮೇಲಾಗಿ ಕಾವಲು ಬಿಗಿಯಾಯಿತು, ಅದಕ್ಕೇ ಇಳಿಯಿತು ಎಂದು ನಂಬದವರು ಹೇಳಿದರು. ಮೊದಮೊದಲ ಎಲೆಗಳು ಎಷ್ಟು ತೆಳುವಾಗಿದ್ದವೆಂದರೆ ಕೆಲವು ಬೆಳಕಿಗೆ ಹಿಂದಿನಿಂದಲೇ ಕಾಣುತ್ತಿದ್ದವು. ನಾನು ನಂಬದವರ ಪಂಕ್ತಿಯವನು. ಆದರೂ ಕಾದಂಬರಿಕಾರನಿಗೆ ಆ ತೆಳು ಎಲೆ ಸಿಕ್ಕಿದ್ದು ನಿಧಿ ಸಿಕ್ಕಿದ ಹಾಗೆ. ಏಕೆಂದರೆ ಪೊನ್ನಿ ಈಗ ಕದಿಯಬೇಕು. ಪರೀಕ್ಷಕರ ಕನ್ನಡಕದ ಗಾಜಿನಲ್ಲಿ ಮೂಡುವ ನೆರಳು, ನಕ್ಷತ್ರ ಬಂದಾಗ ಅವರ ಹುಬ್ಬು ಸ್ವಲ್ಪ ಏರುವುದು, ಅಲೆಗೆರೆಗೆ ಉಗುಳು ನುಂಗುವುದು. ಆಯಸ್ಸಿನಲ್ಲಿ ಮೊದಲ ಬಾರಿಗೆ ಅವಳು ಇನ್ನೊಬ್ಬರ ಮುಖವನ್ನು ನೋಡುತ್ತಾಳೆ. ಮನಸ್ಸೇ ಕೇಳುತ್ತಿದ್ದಾಗ ಮುಖ ನೋಡುವ ಅಗತ್ಯ ಎಲ್ಲಿತ್ತು?

ಕೋಟೆಯಲ್ಲಿ ಹೀಗೆ ಪಾಸಾದಳು ಎನ್ನೋಣ. ಆದರೆ ಬರೆ ಕನ್ನಡಕ ಹಾಕಿಕೊಳ್ಳುವುದಿಲ್ಲ. ಆಟಿ ತಿಂಗಳ ಮಳೆ ಹಿಡಿದಿದೆ, ಊರವರು ರಾತ್ರಿ ಮಲಗುವ ಮುನ್ನ ಅವಳ ಮನೆಯ ಮುಂದೆ ಬಂದು ‘ಏನು ಮಗಳೇ, ಮಲಗಬಹುದಾ?’ ಎಂದು ಕೇಳಿ ಹೋಗುತ್ತಾರೆ. ಅವಳು ತಲೆಯಾಡಿಸಬೇಕು. ಯಾವ ಧೈರ್ಯದ ಮೇಲೆ?

ಇಲ್ಲಿ ನನಗೆ ನಮ್ಮ ಮನೆಯ ಮಳೆ ಮಾಪಕ ನೆನಪಾಯಿತು. ಕೊಡಗಿನ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಳದ ಬಯಲಿನಲ್ಲಿ ಒಂದು ಡಬ್ಬಿ, ಅದರ ಮೇಲೆ ಆಲಿಕೆ, ಒಳಗೆ ಗೆರೆ ಕೊರೆದ ಗಾಜು. ದಿನವೂ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಬರೆದಿಡುವುದು. ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಪಾಲು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ನಾವು ಇಂಚು ಬಿಟ್ಟಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಬಂತೋ ಇಲ್ಲವೋ ಎಂಬುದರ ಮೇಲೆ ವರ್ಷದ ಬೆಳೆ ನಿಂತಿರುತ್ತದೆ. ಮದುವೆ ಮನೆಯಲ್ಲಿ ಎದುರಾದ ಇಬ್ಬರು ಯೋಗಕ್ಷೇಮಕ್ಕೂ ಮೊದಲು ಕೇಳಿಕೊಳ್ಳುವುದು ‘ನಿಮ್ಮಲ್ಲಿ ಎಷ್ಟು ಸೆಂಟ್?’ ಎಂದೇ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು, ಕುಶಾಲನಗರದ ಕಡೆ ಅದರ ಕಾಲುಭಾಗದಷ್ಟು. ಒಂದೇ ಜಿಲ್ಲೆ!

ನನ್ನ ಕೆಟ್ಟ ನಾಳೆಯಲ್ಲಿ ಯಾರ ಮನೆಯಲ್ಲೂ ಮಾಪಕ ಇಲ್ಲ. ಮಗುವಿಗೆ ಕೇಳುತ್ತದಲ್ಲ, ಅಳೆಯುವುದೇಕೆ? ನಾಯಿ ಸಾಕುವುದನ್ನೂ ಬಿಟ್ಟಿದ್ದಾರೆ. ಈ ಮರೆವನ್ನು ಯಾರೂ ಬಲವಂತದಿಂದ ಹೇರಿದ್ದಲ್ಲ, ಊರವರೇ ಖುಷಿಯಿಂದ ಮೈಗೂಡಿಸಿಕೊಂಡದ್ದು. ಶ್ರವಣ ಕಚೇರಿಗಿಂತ ನನಗೆ ಭಯ ಹುಟ್ಟಿಸುವುದು ಇದು.

ಪೊನ್ನಿ ಐನ್‌ಮನೆಯ, ಅಂದರೆ ಕುಟುಂಬದ ಹಿರಿಯರ ಮೂಲಮನೆಯ, ಅಟ್ಟ ಹತ್ತುತ್ತಾಳೆ. ತುಕ್ಕು ಹಿಡಿದ ಆಲಿಕೆ, ಪುಣ್ಯಕ್ಕೆ ಒಡೆಯದ ಗಾಜು, ಇಲಿ ಕಡಿದ ಒಂದು ಪುಸ್ತಕ. ಅದರಲ್ಲಿ ಮುತ್ತಜ್ಜನ ಅಕ್ಷರ. ಮಳೆಯ ಲೆಕ್ಕದ ಪಕ್ಕದಲ್ಲಿ ಸಣ್ಣ ಟಿಪ್ಪಣಿಗಳು: ‘ಒರತೆ ನೀರು ಕೆಂಪಾಯಿತು.’ ‘ಮಳೆ ನಿಲ್ಲದಿದ್ದರೂ ತೋಡು ತಗ್ಗಿದೆ, ಮೇಲೆ ಎಲ್ಲೋ ಕಟ್ಟಿಕೊಂಡಿರಬೇಕು.’ ‘ಹಿತ್ತಿಲ ಬಾಗಿಲು ಕೂಡುತ್ತಿಲ್ಲ.’ ‘ಬರೆಯ ತಲೆಯಲ್ಲಿ ಬೆರಳಗಲ ಬಿರುಕು. ಸಿಲ್ವರ್ ಓಕ್ ಎರಡು ಕೆಳಕ್ಕೆ ವಾಲಿವೆ.’ ಈ ಪುಸ್ತಕ ಕಟ್ಟುಕಥೆ, ಲಕ್ಷಣಗಳು ಕಟ್ಟುಕಥೆಯಲ್ಲ. ಭೂವಿಜ್ಞಾನಿಗಳು ಕುಸಿತದ ಮುನ್ಸೂಚನೆಗಳೆಂದು ಹೇಳುವುದು ಇವನ್ನೇ. 2018ರ ಆಗಸ್ಟ್ ನಡುವೆ ಗುಡ್ಡಗಳು ಕುಸಿದ ಆ ದಿನಗಳನ್ನು ಮಕ್ಕಂದೂರು, ಜೋಡುಪಾಲದ ಕಡೆ ಕಂಡವರು ಇದನ್ನು ಕೇಳುತ್ತಿದ್ದರೆ, ಅವರಿಗೆ ನಾನು ಹೇಳಬೇಕಾದದ್ದು ಏನೂ ಇಲ್ಲ. ಆ ಅಧ್ಯಾಯವನ್ನು ನಾನು ಮೂರು ಸಲ ಬರೆದು ಮೂರು ಸಲವೂ ಮೊಟಕುಗೊಳಿಸಿದೆ.

ಮೊಮ್ಮಗಳಿಗೆ ಹಸ್ತಪ್ರತಿ ಓದಲು ಕೊಟ್ಟೆ. ಎರಡು ದಿನದಲ್ಲಿ ಮುಗಿಸಿ, ‘ಕೊನೆಗೆ ಶಕ್ತಿ ವಾಪಸ್ ಬರುತ್ತದೆ ತಾನೇ?’ ಎಂದಳು. ಬರುವುದಿಲ್ಲ ಎಂದೆ. ಸಿಟ್ಟು ಬಂತು. ‘ಆಂಜನೇಯನಿಗೆ ಜಾಂಬವಂತ ನೆನಪಿಸಲಿಲ್ಲವೇ? ಹಾಗೆ ಯಾರಾದರೂ ನೆನಪಿಸಲಿ!’ ವಾದ ಗಟ್ಟಿಯಾಗಿತ್ತು. ನಾನು ಅರ್ಜುನನನ್ನು ಕರೆದುತಂದೆ. ಕೃಷ್ಣ ಹೋದ ಮೇಲೆ ದ್ವಾರಕೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಅರ್ಜುನ ಹೊರಟಿದ್ದಾನೆ. ದಾರಿಯಲ್ಲಿ ದೊಣ್ಣೆ ಹಿಡಿದ ಕಳ್ಳರು ಬೀಳುತ್ತಾರೆ. ಖಾಂಡವ ಸುಟ್ಟವನಿಗೆ ಗಾಂಡೀವಕ್ಕೆ ಹೆದೆ ಏರಿಸುವುದೇ ಕಷ್ಟವಾಗುತ್ತದೆ. ಅಸ್ತ್ರಗಳ ಮಂತ್ರ ನೆನಪಿಗೆ ಬರುವುದಿಲ್ಲ. ಬರಿದಾಗದ ಬತ್ತಳಿಕೆ ಬರಿದಾಗುತ್ತದೆ. ಕೊನೆಗೆ ಬಿಲ್ಲಿನ ತುದಿಯಿಂದ ಬಡಿಯುತ್ತಾನೆ. ಕಣ್ಣೆದುರೇ ಹೆಂಗಸರನ್ನು ಎಳೆದೊಯ್ಯುತ್ತಾರೆ. ಅಸ್ತ್ರಗಳು ಬಂದ ಕೆಲಸ ಮುಗಿಸಿ ಬಂದಲ್ಲಿಗೇ ಹೋದವು ಎಂದು ವ್ಯಾಸರು ಸಮಾಧಾನ ಹೇಳುತ್ತಾರೆ. ಆ ಮಾತು ಅರ್ಜುನನಿಗೆ ಸಾಲುತ್ತದೋ ಏನೋ, ಎಳೆದೊಯ್ಯಲ್ಪಟ್ಟ ಹೆಂಗಸರಿಗೆ ಸಾಲದು. ಬಿಲ್ಲಿನ ತುದಿಯಿಂದ ಬಡಿಯುವ ಆ ಅರ್ಜುನನೇ ನನಗೆ ಇಡೀ ಮಹಾಭಾರತದಲ್ಲಿ ಅತಿ ಹತ್ತಿರದವನು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆಯೇ ಪ್ರಶ್ನೆ ಎತ್ತಿದಳು. ‘ಅದೆಲ್ಲ ಇರಲಿ ಅಜ್ಜ. ಪೊನ್ನಿ ಅಮ್ಮನಿಗಾದರೂ ಯಾಕೆ ಹೇಳಲಿಲ್ಲ?’

ನನ್ನಲ್ಲಿ ಉತ್ತರ ಇರಲಿಲ್ಲ. ಊರಿನ ಭಾರ, ಲಾರಿಯ ಭಯ ಎಂದೇನೋ ತೊದಲಿದೆ. ‘ಅಮ್ಮನಿಗೆ ಗೊತ್ತಾಗಿರುತ್ತದೆ’ ಎಂದಳು. ‘ಮೊದಲೆಲ್ಲ ಅಮ್ಮ ಮನಸ್ಸಿನಲ್ಲಿ ಅಂದುಕೊಂಡರೆ ಸಾಕಿತ್ತು, ಪೊನ್ನಿ ನೀರು ತಂದುಕೊಡುತ್ತಿದ್ದಳು. ಈಗ ಅಮ್ಮ ಬಾಯಿಬಿಟ್ಟು ಕೇಳಬೇಕಲ್ಲ.’

ಹಾಗಾಗಿ ಏಳನೆಯ ಅಧ್ಯಾಯವನ್ನು ಹರಿದುಹಾಕಿದ್ದೇನೆ. ಹೊಸದರಲ್ಲಿ ಅಮ್ಮ ಮೊದಲ ದಿನದಿಂದಲೇ ಪ್ರತಿಯೊಂದನ್ನೂ ಗಟ್ಟಿಯಾಗಿ ಹೇಳತೊಡಗುತ್ತಾಳೆ: ‘ಪೊನ್ನಿ, ಸೌದೆ ತಾ. ಪೊನ್ನಿ, ನನಗೆ ಸೊಂಟ ನೋಯುತ್ತಿದೆ.’ ಯಾಕೆ ಹಾಗೆ ಹೇಳುತ್ತಿದ್ದಾಳೆಂದು ಮಾತ್ರ ಹೇಳುವುದಿಲ್ಲ. ಬೆಳಿಗ್ಗೆ ಪೊನ್ನಿ ಅಂಗಳಕ್ಕೆ ಬಂದರೆ ಆಲಿಕೆಯೊಳಗೆ ಬಿದ್ದ ಎಲೆಯನ್ನು ಯಾರೋ ಆಗಲೇ ತೆಗೆದಿಟ್ಟಿರುತ್ತಾರೆ. ಇಲ್ಲಿಯವರೆಗೆ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ನಮ್ಮ ಮಾಪಕದಲ್ಲಿ 1 ಇಂಚು 40 ಸೆಂಟ್ ಇತ್ತು. ಒರತೆಯ ನೀರು ತಿಳಿಯಾಗಿತ್ತು. ನಮಸ್ಕಾರ.