ಮಗುವಿನ ಎತ್ತಿಗೆ ನಿಮ್ಮ ಕೈ ಯಾಕೆ?

ನಮಸ್ಕಾರ. ಎಲ್ಲರೂ ಆರಾಮ ಇದ್ದೀರಾ? ನಾನು ಇಲ್ಲ. ಕಾರಣ ಒಂದು ಕಮೆಂಟು.

ಕಳೆದ ವಿಡಿಯೋದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ನನ್ನ ಮಗಳು ಮಾಡಿದ ಎತ್ತಿನ ಜೋಡಿ ತೋರಿಸಿದ್ದೆ. ಅವಳಿಗೆ ಐದು ವರ್ಷ. ಎರಡು ಎತ್ತು, ಮುಂದೆ ಒಂದು ಗೋದಲಿ, ಎಲ್ಲ ಅವಳ ಕೈಯದೇ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ, ಓದುತ್ತೇನೆ ಕೇಳಿ: "ಮೇಡಂ, ಇದು ಎತ್ತೋ ಆಲೂಗಡ್ಡೆಯೋ? ನೀವೇ ಸ್ವಲ್ಪ ಸರಿ ಮಾಡಿಕೊಡಬಾರದಿತ್ತಾ? ಪೂಜೆಗೆ ಇಡೋದಲ್ವಾ?" ಅದಕ್ಕೆ ಲೈಕು, ನಗುವ ಮುಖ, ಚಪ್ಪಾಳೆ ಎಲ್ಲ ಬಂದಿವೆ.

ಸರ್, ನಾನು ಸರಿ ಮಾಡಲಿಲ್ಲ. ಮಾಡುವುದೂ ಇಲ್ಲ. ಇವತ್ತಿನ ಇಡೀ ವಿಡಿಯೋ ಇದೊಂದೇ ಮಾತು: ಮಗು ಮಾಡುತ್ತಿರುವ ಕೆಲಸದಿಂದ ನಿಮ್ಮ ಕೈ ತೆಗೆಯಿರಿ. ಅವಸರ ಇರುವವರು ಇಲ್ಲಿಗೇ ವಿಡಿಯೋ ಮುಚ್ಚಬಹುದು. ಮುಚ್ಚುವ ಮೊದಲು ಸಬ್‌ಸ್ಕ್ರೈಬ್ ಮಾಡಿ.

ಮೈಸೂರು, ಮಂಗಳೂರು ಕಡೆಯವರಿಗೆ ಒಂದು ಮಾತು. ನಮ್ಮ ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಗೆ ನಿಜವಾದ ಎತ್ತಿಗೆ ಸಿಂಗಾರ. ಅದಾದ ಮೇಲೆ ಬರುವ ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣಿನ ಎತ್ತಿಗೆ ಪೂಜೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಶ್ರಾವಣದಲ್ಲಿ ನಾಗಪ್ಪ. ಭಾದ್ರಪದಕ್ಕೆ ಗಣಪ, ಅವನ ಹಿಂದೆಯೇ ಜೋಕುಮಾರ. ಮಳೆಗಾಲ ಪೂರ್ತಿ ಮಣ್ಣೇ ಮಣ್ಣು! ಮಕ್ಕಳ ಕೈಗೆ ಮಣ್ಣು ಹತ್ತಲಿ ಅಂತಲೇ ಯಾರೋ ಕೂತು ಕ್ಯಾಲೆಂಡರ್ ಮಾಡಿಟ್ಟ ಹಾಗಿದೆ. ಇಷ್ಟೆಲ್ಲ ಇದ್ದರೂ ನಾವು ಆನ್‌ಲೈನಲ್ಲಿ ಕ್ರಾಫ್ಟ್ ಕಿಟ್ ತರಿಸುತ್ತೇವೆ. ಒಳಗೆ ಎಲ್ಲ ಕತ್ತರಿಸಿಯೇ ಇರುತ್ತದೆ. ಮಗು ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತು. ಅದಕ್ಕೆ ಕ್ರಿಯೇಟಿವ್ ಅಂತ ಹೆಸರು!

ಈಗ ಆ ಎತ್ತಿನ ವಿಷಯ. ಎರೆಮಣ್ಣು ಒಣಗುವಾಗ ಕುಗ್ಗುತ್ತದೆ, ಬಿರಿಯುತ್ತದೆ. ಹೊಲದಲ್ಲಿ ಬೇಸಿಗೆಗೆ ಬಿರುಕು ಬಿಡುವುದಿಲ್ಲವೇ, ಅದೇ ಮಣ್ಣು. ನನ್ನ ಮಗಳು ಮೊದಲು ಎತ್ತಿಗೆ ಉದ್ದನೆಯ, ತೆಳ್ಳನೆಯ ಕಾಲು ಮಾಡಿದಳು. ಎತ್ತಿ ನಿಲ್ಲಿಸಿದರೆ ಬಿತ್ತು. ಮತ್ತೆ ಮಾಡಿದಳು, ಒಣಗುವಷ್ಟರಲ್ಲಿ ಕಾಲು ಬುಡದಲ್ಲೇ ಬಿರಿಯಿತು. ಅತ್ತಳು. ಮೂಗು ಒರೆಸಿಕೊಂಡು ಮತ್ತೆ ಕೂತಳು. ಈ ಸಲ ಕಾಲು ಗಿಡ್ಡ, ದಪ್ಪ. ಹೊಟ್ಟೆ ಕೆಳಗೆ ಬಂದು ಹೆಚ್ಚುಕಡಿಮೆ ನೆಲಕ್ಕೇ ತಾಗಿತು. ನಿಂತಿತು! ನೋಡಿ, ನಿಮಗೆ ಆಲೂಗಡ್ಡೆ ಕಂಡಿದ್ದು ಅಲ್ಲಿ. ನನಗೆ ಕಂಡಿದ್ದು, ಭಾರ ಎಲ್ಲಿ ಇಟ್ಟರೆ ಬೀಳುವುದಿಲ್ಲ ಅಂತ ತಾನೇ ಕಂಡುಹಿಡಿದ ಹುಡುಗಿ. ನಾನು ಮೊದಲೇ ಕೈ ಹಾಕಿದ್ದರೆ ಚಂದದ ಎತ್ತು ಸಿಗುತ್ತಿತ್ತು, ಈ ಬುದ್ಧಿ ಸಿಗುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕೈ ತೆಗೆಯಿರಿ.

ಕಣ್ಣಿಗೆ ಜೋಳದ ಕಾಳು ಒತ್ತಿದಳು. ಹಳೇ ಕಾಲದವರು ಗುಲಗಂಜಿ ಇಡುತ್ತಾರೆ, ಕೆಂಪು ಕಪ್ಪು, ನೋಡಲು ಬಹಳ ಚಂದ. ಆದರೆ ಗುಲಗಂಜಿ ಜಗಿದರೆ ವಿಷ. ಬಾಯಿಗೆ ಏನಾದರೂ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಮನೆಯಲ್ಲೇ ಇಡಬೇಡಿ. ಇಂಥ ಕಡೆ ಕೈ ಹಾಕಿ, ಬೇಡ ಅನ್ನುವುದಿಲ್ಲ. ಕತ್ತರಿ, ಬಿಸಿ ಎಣ್ಣೆ, ವಿಷದ ಕಾಳು, ಇವು ನಿಮ್ಮ ಇಲಾಖೆ. ಎತ್ತಿನ ಕೊಂಬು ನಿಮ್ಮ ಇಲಾಖೆ ಅಲ್ಲ.

"ಆದರೆ ಮೇಡಂ, ಅವಳ ವಯಸ್ಸಿಗೆ ಇನ್ನೂ ಚೆನ್ನಾಗಿ ಬರಬೇಕಿತ್ತು" ಅಂತ ಇನ್ನೊಬ್ಬರು. ಓಹೋ! ಕೈಯ ಮೂಳೆ ಏನು ಹೇಳುತ್ತದೆ ಕೇಳೋಣ. ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಆಗತಾನೇ ಹುಟ್ಟಿದ ಮಗುವಿನ ಕೈ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಇನ್ನೂ ಮೆತ್ತನೆಯ ಮೃದ್ವಸ್ಥಿ. ವರ್ಷಗಟ್ಟಲೆ ಒಂದೊಂದಾಗಿ ಮೂಳೆಯಾಗುತ್ತಾ ಬರುತ್ತವೆ. ಕೊನೆಯದು ಕಾಣಿಸಿಕೊಳ್ಳುವಷ್ಟರಲ್ಲಿ ಎಷ್ಟೋ ಮಕ್ಕಳಿಗೆ ಒಂಬತ್ತು, ಹತ್ತು ದಾಟಿರುತ್ತದೆ. ಕೈಯೇ ಇನ್ನೂ ತಯಾರಾಗುತ್ತಿದೆ ಸ್ವಾಮಿ, ನೀವು ಫಿನಿಶಿಂಗ್ ಕೇಳುತ್ತಿದ್ದೀರಿ!

ಚಿತ್ರದಲ್ಲೂ ಅಷ್ಟೇ. ಮೂರು, ನಾಲ್ಕು ವರ್ಷದ ಮಗು ಮನುಷ್ಯನನ್ನು ಬರೆದರೆ ಹೇಗಿರುತ್ತದೆ? ದೊಡ್ಡ ತಲೆ, ತಲೆಯಿಂದಲೇ ಇಳಿದ ಎರಡು ಕಾಲು. ಹೊಟ್ಟೆ ಇಲ್ಲ, ಕತ್ತಿಲ್ಲ. ಮಕ್ಕಳ ಚಿತ್ರಗಳನ್ನು ಅಭ್ಯಾಸ ಮಾಡಿದವರು ಇದಕ್ಕೆ ಗೊದಮೊಟ್ಟೆ ಮನುಷ್ಯ ಅಂತಲೇ ಹೆಸರಿಟ್ಟಿದ್ದಾರೆ. ನಮ್ಮ ಮಕ್ಕಳಷ್ಟೇ ಅಲ್ಲ, ಬೇರೆ ದೇಶದ ಮಕ್ಕಳೂ ಹೀಗೇ ಶುರು ಮಾಡುತ್ತಾರೆ. ವಿಕ್ಟರ್ ಲೋವೆನ್‌ಫೆಲ್ಡ್ ಅಂತ ಒಬ್ಬ ಕಲಾ ಮೇಷ್ಟ್ರು ಇದ್ದರು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದವರು. ಮಗುವಿನ ಚಿತ್ರದಲ್ಲಿ ಅಳತೆ ತಪ್ಪಿದೆ ಅಂತ ತಿದ್ದಲು ಹೋಗಬೇಡಿ ಎಂದು ಅಪ್ಪ ಅಮ್ಮಂದಿರಿಗೆ 1950ರ ದಶಕದಲ್ಲೇ ಹೇಳಿದ್ದರು. ಅವರ ಮಾತೇ ನಾವು ಕೇಳಲಿಲ್ಲ, ಯೂಟ್ಯೂಬಿನ ನನ್ನ ಮಾತು ಕೇಳುತ್ತೀರಾ? ಕೇಳಬೇಕು. ಬೆಲ್ ಒತ್ತಿದರೆ ಪ್ರತಿ ಶನಿವಾರ ಕೇಳಿಸುತ್ತದೆ.

ಇನ್ನು ಶಾಲೆಯ ಪ್ರಾಜೆಕ್ಟು. ಇದಕ್ಕೇ ಕಾಯುತ್ತಿದ್ದೆ.

ಒಂದು ಶಾಲೆಯಲ್ಲಿ ಯುಕೆಜಿ ಮಕ್ಕಳ ಪ್ರದರ್ಶನ. ಹೆಸರು ಬೇಡ, ಎಲ್ಲ ಊರಲ್ಲೂ ಇಂಥದ್ದೊಂದು ಇರುತ್ತದೆ. ಥರ್ಮಾಕೋಲಿನ ಸೌರಮಂಡಲ. ಶನಿಗೆ ಉಂಗುರ, ಸೂರ್ಯನೊಳಗೆ ಬಲ್ಬು, ಹಿಂದೆ ಬ್ಯಾಟರಿ, ವೈರುಗಳನ್ನು ಟೇಪು ಹಚ್ಚಿ ನೀಟಾಗಿ ಅಡಗಿಸಿದ್ದಾರೆ. ಪಕ್ಕದಲ್ಲಿ ಟೈ ಹಾಕಿಕೊಂಡ ಒಂದು ಚಿಕ್ಕ ಹುಡುಗ. "ಯಾರು ಮಾಡಿದ್ದು ಪುಟ್ಟಾ?" ಅಂದೆ. "ಅಪ್ಪ. ನಾನು ಮುಟ್ಟಬಾರದಂತೆ" ಅಂದ.

ಮುಟ್ಟಬಾರದಂತೆ! ಅವನದೇ ಪ್ರಾಜೆಕ್ಟು!

ಇದು ಅಪ್ಪಂದಿರ ಪ್ರದರ್ಶನ ಅಂತಲೇ ಬೋರ್ಡು ಹಾಕಿಬಿಡಿ, ಅವರಿಗೇ ಬಹುಮಾನ ಕೊಡಿ, ಮಕ್ಕಳನ್ನು ಆಟಕ್ಕೆ ಬಿಡಿ. ಶಾಲೆ ಹತ್ತಿರದ ಸ್ಟೇಷನರಿ ಅಂಗಡಿಗಳಲ್ಲಿ ದುಡ್ಡು ಕೊಟ್ಟರೆ ಪ್ರಾಜೆಕ್ಟನ್ನೇ ಮಾಡಿಕೊಡುತ್ತಾರೆ. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ "ನಾಳೆ ಏನು ತರಬೇಕು ಅಂದಿದ್ರು?" ಅಂತ ಶುರುವಾಗುತ್ತದೆ. ಒಬ್ಬರು ಫೋಟೋ ಹಾಕುತ್ತಾರೆ. ಅದನ್ನು ನೋಡಿ ಇನ್ನೊಬ್ಬರಿಗೆ ಹೊಟ್ಟೆ ಉರಿ. ಹನ್ನೊಂದಕ್ಕೆ ಗ್ಲೂ ಗನ್ ಬಿಸಿಯಾಗುತ್ತದೆ. ಅಷ್ಟು ಹೊತ್ತಿಗೆ ಮಗು ಒಂದು ನಿದ್ದೆ ಮುಗಿಸಿರುತ್ತದೆ.

"ಮತ್ತೆ ಮಾರ್ಕ್ಸ್?" ಯುಕೆಜಿ ಮಾರ್ಕ್ಸ್ ಕಾರ್ಡ್ ತೋರಿಸಿ ಕೆಲಸ ಗಿಟ್ಟಿಸಿದವರು ಯಾರಾದರೂ ಇದ್ದರೆ ಕಮೆಂಟಲ್ಲಿ ಹೇಳಿ, ಸನ್ಮಾನ ಮಾಡೋಣ. ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಗೆ ಒಮ್ಮೆ ಹೋಗಿ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ತಲೆ ಮೇಲೆ ದಾರ ಕಟ್ಟಿ ಚಪ್ಪರ ಮಾಡಿರುತ್ತಾರೆ. ಮಕ್ಕಳು ಬರೆದಿದ್ದು, ಹರಿದಿದ್ದು, ಅಂಟಿಸಿದ್ದು ಅಲ್ಲೇ ನೇತಾಡುತ್ತಿರುತ್ತದೆ. ಸೊಟ್ಟ ಮೀನು, ಮೂರು ಕಾಲಿನ ನಾಯಿ. ಅಲ್ಲಿ ಯಾರೂ ಬಲ್ಬು ಹಾಕಿರುವುದಿಲ್ಲ.

ಚಂದವೇ ಬೇಕಾ? ಒಪ್ಪುತ್ತೇನೆ, ನನಗೂ ಚಂದದ ವಸ್ತು ಇಷ್ಟ. ಹಾಗಿದ್ದರೆ ಕೊಂಡುಕೊಳ್ಳಿ. ಚನ್ನಪಟ್ಟಣದಲ್ಲಿ ಆಲೆ ಮರ ತಿರುಗಿಸಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿದು, ಕೇದಗೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದ ಮೇಲೆ ಹುಣಸೆ ಬೀಜದ ಅಂಟಿನಿಂದ ಮೈ ತುಂಬಿ ಗೊಂಬೆ ಮಾಡುತ್ತಾರೆ. ಅವರದು ತಲೆಮಾರುಗಳ ಕೈ. ಅವರ ಹತ್ತಿರ ಕೊಂಡು ಶೋಕೇಸಲ್ಲಿ ಇಡಿ, ಅವರ ಮನೆಯೂ ನಡೆಯಲಿ. ಐದು ವರ್ಷದ ಮಗುವಿನ ಹತ್ತಿರ ಆ ಕೆಲಸ ಯಾಕೆ ಕೇಳುತ್ತೀರಿ? ಅದೂ ನೀವೇ ಮಾಡಿ, ಅವಳ ಹೆಸರು ಬರೆದು!

ಧಾರವಾಡದವರೇ ಒಬ್ಬರು ಸಂಗೀತದ ಉದಾಹರಣೆ ತಂದಿದ್ದಾರೆ. "ಗುರು ತಿದ್ದದೇ ಸ್ವರ ಕೂಡುತ್ತದೆಯೇ?" ಅಂತ. ಇಲ್ಲ ಸರ್, ಕೂಡುವುದಿಲ್ಲ. ಆದರೆ ಯಾವ ಗುರುವೂ ಶಿಷ್ಯನ ಬಾಯಿ ಮುಚ್ಚಿಸಿ ತಾನೇ ಪರೀಕ್ಷೆಗೆ ಹೋಗಿ ಹಾಡಿ ಬರುವುದಿಲ್ಲ. ಮುಂದಿನ ಕಮೆಂಟ್.

ಅಡುಗೆಮನೆಯಲ್ಲೂ ಇದೇ ಕಥೆ. ಪಂಚಮಿ ಬರುತ್ತಿದೆ. ಬೆಲ್ಲದ ಪಾಕದ ಉಂಡೆ ಬಿಸಿ ಇರುವಾಗಲೇ ಕಟ್ಟಬೇಕು, ಅದು ದೊಡ್ಡವರಿಗೆ. ತಂಬಿಟ್ಟು ಹಾಗಲ್ಲ, ಸ್ವಲ್ಪ ಆರಿದ ಮೇಲೆ ಮಗುವಿನ ಮುಂದೆ ತಟ್ಟೆಯಲ್ಲಿ ಇಡಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ದಿನ ಕರಿಯುವುದಿಲ್ಲ, ಕುದಿಸಿದ ಕಡಬೇ ಮಾಡುವುದು. ಅದರ ಅಂಚು ಒತ್ತುವುದು ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ. ಅಂಚು ಬಿಟ್ಟು ಹೂರಣ ಹೊರಗೆ ಬಂದರೆ ಬರಲಿ, ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ. ಆದರೆ ನಮ್ಮತ್ತೆ ಬಿಡುವುದಿಲ್ಲ. ಮಗಳು ಉಂಡೆ ಕಟ್ಟಿ ತಟ್ಟೆಗೆ ಇಟ್ಟ ಕೂಡಲೇ ಅವರು ಎತ್ತಿಕೊಂಡು ಅಂಗೈಯಲ್ಲಿ ಗುಂಡಗೆ ಹೊರಳಿಸುತ್ತಾರೆ. ಅತ್ತೆಯವರೇ, ಈ ವಿಡಿಯೋ ನೋಡುತ್ತಿದ್ದರೆ ದಯವಿಟ್ಟು ಲೈಕ್ ಮಾಡಿ. ಮತ್ತೆ ಆ ಉಂಡೆ ಕೆಳಗೆ ಇಡಿ.

ನಮ್ಮ ಮನೆಯವರೂ ಕಡಿಮೆ ಇಲ್ಲ. ದೀಪಾವಳಿಗೆ ಆಕಾಶಬುಟ್ಟಿ ಮಾಡಲು ಮಗಳ ಜೊತೆ ಕೂತರು. ಬಿದಿರು ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು, ಎಲ್ಲ ತಂದಿದ್ದರು. ಹತ್ತು ನಿಮಿಷಕ್ಕೆ ಸ್ಕೇಲು ಬಂತು. ಇಪ್ಪತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ಬಂತು. ಮಗಳು ಎದ್ದು ಪಕ್ಕದ ಮನೆಗೆ ಹೋದಳು.

ಮನೆಯಲ್ಲಿ ಮಣ್ಣಿಲ್ಲ, ಫ್ಲಾಟಲ್ಲಿ ಇದ್ದೇವೆ ಅನ್ನುವವರಿಗೆ: ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಬೇಕಾದಷ್ಟು ನೀರು, ಒಂದು ಚಮಚ ಎಣ್ಣೆ. ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಅರಿಶಿನ ಹಾಕಿದರೆ ಹಳದಿ, ಬೀಟ್‌ರೂಟ್ ರಸಕ್ಕೆ ಗುಲಾಬಿ. ತಿನ್ನಲು ಬಿಡಬೇಡಿ, ಉಪ್ಪು ವಿಪರೀತ ಜಾಸ್ತಿ ಇರುತ್ತದೆ. ಪೂರ್ತಿ ವಿಡಿಯೋ ಕೆಳಗಿನ ಲಿಂಕಿನಲ್ಲಿದೆ. ಹಿಟ್ಟು ಕೊಟ್ಟ ಮೇಲೆ ನೀವೇನು ಮಾಡಬೇಕು? ಟೀ ಕುಡಿಯಬೇಕು. ಎದ್ದು ಹೋಗಿ ಟೀ ಕುಡಿಯಬೇಕು! ಪಕ್ಕದಲ್ಲಿ ಕೂತು "ಕಿವಿ ಇಲ್ಲಲ್ಲ ಪುಟ್ಟಿ, ಬಾಲ ಎಲ್ಲಿ ಪುಟ್ಟಿ" ಅಂತ ಸುಮ್ನೆ ಅವಳ ತಲೆ ತಿನ್ನಬಾರದು.

"ಮಗುವಿಗೆ ಬೇರೆಯವರ ಮುಂದೆ ನಾಚಿಕೆಯಾಗುವುದಿಲ್ಲವೇ?" ಇಲ್ಲ. ಅವಳಿಗಿಲ್ಲ. ನಿಮಗಾಗುತ್ತಿದೆ. ಹೋಗಿ ನೀರು ಕುಡಿಯಿರಿ.

"ಕಡೇ ಪಕ್ಷ ಕೊಂಬಾದರೂ..." ಇಲ್ಲ! ಕೊಂಬೂ ಇಲ್ಲ, ಬಾಲವೂ ಇಲ್ಲ! ಕೈ ತೆಗೆಯಿರಿ!

"ನೀವು ಸೋಮಾರಿ, ಅದಕ್ಕೇ ಹೀಗೆ ಹೇಳುತ್ತೀರಿ." ಹೌದು, ಸೋಮಾರಿ. ಏನೀಗ?

ಸ್ಕ್ರಿಪ್ಟಲ್ಲಿ ಇನ್ನೂ ಎರಡು ಕಾರಣ ಬರೆದುಕೊಂಡಿದ್ದೆ, ಒಂದು ಕತ್ತರಿ ಹಿಡಿಯುವ ವಯಸ್ಸಿನ ಬಗ್ಗೆ. ಬಿಡಿ, ಓದುವ ತಾಳ್ಮೆ ಈಗ ಇಲ್ಲ. ಅಂಟು, ಬಣ್ಣ ಮಾರುವ ಕಂಪನಿಯವರು ಯಾರಾದರೂ ನೋಡುತ್ತಿದ್ದರೆ ನಮ್ಮಲ್ಲಿ ಪ್ರಾಯೋಜಕರ ಜಾಗ ಖಾಲಿ ಇದೆ. ಗ್ಲೂ ಗನ್ ಮಾರುವವರು ದಯವಿಟ್ಟು ಬರಬೇಡಿ. ಸರಿ, ದುಡ್ಡು ಜಾಸ್ತಿ ಕೊಟ್ಟರೆ ಮಾತಾಡೋಣ.

ಮುಂದಿನ ಶನಿವಾರ ಟಿಫಿನ್ ಡಬ್ಬಿ. ಇಡ್ಲಿಗೆ ಕ್ಯಾರೆಟ್ ಮೂಗಿಟ್ಟು, ಚಪಾತಿಯನ್ನು ನಕ್ಷತ್ರದ ಹಾಗೆ ಕತ್ತರಿಸಿ, ಫೋಟೋ ತೆಗೆದು ಆಮೇಲೆ ಮಗುವಿಗೆ ಕೊಡುವವರೆಲ್ಲ ಆ ವಿಡಿಯೋ ನೋಡಬೇಡಿ, ಬೇಜಾರಾಗುತ್ತದೆ. ಅಥವಾ ನೋಡಿ, ಬೇಜಾರು ಮಾಡಿಕೊಂಡು ಉದ್ದನೆಯ ಕಮೆಂಟ್ ಬರೆಯಿರಿ. ಕಮೆಂಟ್ ಜಾಸ್ತಿ ಬಂದಷ್ಟೂ ಚಾನೆಲ್‌ಗೆ ಒಳ್ಳೆಯದೇ.