ಶಾಖ ಬಿಟ್ಟುಕೊಡುವ ಸೆರಾಮಿಕ್

ನಮಸ್ಕಾರ ಕೇಳುಗರೇ. ಸೆರಾಮಿಕ್ ಅಂದ ಕೂಡಲೇ ಟೀ ಕಪ್ಪು, ಬಚ್ಚಲಮನೆ ಟೈಲ್ಸ್ ನೆನಪಾಗುತ್ತೆ, ಅಲ್ವಾ? ಇವತ್ತಿನದು ಬೇರೆ ಥರದ್ದು. 5 ಮಿಲಿಮೀಟರೂ ಅಗಲವಿಲ್ಲದ ಕಪ್ಪು ಗುಳಿಗೆ. ಯುರೇನಿಯಂ, ಪ್ಲುಟೋನಿಯಂ ಎರಡನ್ನೂ ಇಂಗಾಲದ ಜೊತೆ ಸೇರಿಸಿ ಮಾಡಿದ ಮಿಶ್ರ ಕಾರ್ಬೈಡ್. ಚೆನ್ನೈ ಹತ್ತಿರದ ಕಲ್ಪಾಕ್ಕಂನಲ್ಲಿರುವ ಸಣ್ಣ ಪರೀಕ್ಷಾ ರಿಯಾಕ್ಟರ್‌ಗೆ ಇದೇ ಇಂಧನ. ಒಂದೇ ಮಾತು ನೆನಪಿಡಿ: ಇದು ಶಾಖವನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ.

ಎಲ್ಲರೂ ಎಷ್ಟು ಡಿಗ್ರಿಗೆ ಕರಗುತ್ತೆ ಅಂತಲೇ ಕೇಳುತ್ತಾರೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ ಸ್ವಾಮಿ! ಆಕ್ಸೈಡ್, ಅಂದರೆ ಇಂಗಾಲದ ಬದಲು ಆಮ್ಲಜನಕ ಸೇರಿಸಿ ಮಾಡಿದ ಇಂಧನ, ಕರಗಲು ಇದಕ್ಕಿಂತ ಜಾಸ್ತಿ ಶಾಖ ಬೇಕು, ನಿಜ. ಆದರೆ ಅದು ಮಣ್ಣಿನ ಹಂಚಿನ ಹಾಗೆ, ನಡುವಿನ ಬಿಸಿ ಅಂಚಿಗೆ ಬರುವುದೇ ನಿಧಾನ. ಕಾರ್ಬೈಡ್‌ನಲ್ಲಿ ಶಾಖ ಬೇಗ ಹೊರಬಿದ್ದು, ಸುತ್ತ ಹರಿಯುವ ದ್ರವ ಸೋಡಿಯಂ ಸೇರುತ್ತದೆ.

ಇದು ಬಂದ ಕಥೆ ನನಗೆ ತುಂಬಾ ಇಷ್ಟ, ಹೇಳಿಬಿಡುತ್ತೇನೆ. ಆ ರಿಯಾಕ್ಟರ್‌ಗೆ ಮಾದರಿ ಫ್ರಾನ್ಸಿನ ರಾಪ್ಸೋಡಿ ಅನ್ನುವ ರಿಯಾಕ್ಟರ್. ಸಮೃದ್ಧ ಯುರೇನಿಯಂ, ಅಂದರೆ ಸುಲಭವಾಗಿ ಸೀಳುವ ಪರಮಾಣುಗಳ ಪಾಲು ಹೆಚ್ಚಿಸಿದ ಯುರೇನಿಯಂ, ಇರುವ ಆಕ್ಸೈಡ್ ಹಾಕುವ ಲೆಕ್ಕವಿತ್ತು. 1974ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆಯಿತು, ಅದಾದ ಮೇಲೆ ಹೊರಗಿನಿಂದ ಅಂಥ ಯುರೇನಿಯಂ ಬರುವ ದಾರಿ ಮುಚ್ಚಿತು. ರಿಯಾಕ್ಟರ್ ಕಟ್ಟುತ್ತಿದ್ದಾರೆ, ಹಾಕಲು ಇಂಧನವೇ ಇಲ್ಲ! ಕೈಯಲ್ಲಿದ್ದದ್ದು ಪ್ಲುಟೋನಿಯಂ. ರಿಯಾಕ್ಟರ್ ಸಣ್ಣದು, ಹಾಗಾಗಿ ಪ್ಲುಟೋನಿಯಂ ಪಾಲು ಜಾಸ್ತಿ ಬೇಕು. ಅಷ್ಟು ಪ್ಲುಟೋನಿಯಂ ಇರುವ ಆಕ್ಸೈಡಿಗೂ ಸೋಡಿಯಂಗೂ ಹೊಂದುವುದಿಲ್ಲ. ಕೊನೆಗೆ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 70 ಪಾಲು ಪ್ಲುಟೋನಿಯಂ ಕಾರ್ಬೈಡಿಗೆ 30 ಪಾಲು ಯುರೇನಿಯಂ ಕಾರ್ಬೈಡ್ ಬೆರೆಸಿದರು. ಅದೇನು ಸುಮ್ನೆ ಆಗುವ ಕೆಲಸವಲ್ಲ. ಪುಡಿಗೆ ಗಾಳಿ ತಗುಲಿದರೆ ತಾನಾಗೇ ಹೊತ್ತಿಕೊಳ್ಳುತ್ತದೆ, ತೇವ ತಗುಲಿದರೆ ಕೆಡುತ್ತದೆ. ಜಡ ಅನಿಲ ತುಂಬಿದ ಗ್ಲೋವ್ ಬಾಕ್ಸಿಗೆ ರಬ್ಬರ್ ಗ್ಲೋವ್ಸ್ ಮೂಲಕ ಕೈ ತೂರಿಸಿ, ಪುಡಿಯನ್ನು ಒತ್ತಿ, ಸುಟ್ಟು, ಗುಳಿಗೆ ಮಾಡಬೇಕು. 1985ರ ಅಕ್ಟೋಬರ್ 18ರಂದು ರಿಯಾಕ್ಟರ್ ಶುರುವಾಯಿತು.

ಅಯ್ಯೋ, ಸಮಯ ಆಗಿಬಿಟ್ಟಿತು. ಸಂಶೋಧನೆ ವಿಷಯ ಬೇಗ ಹೇಳುತ್ತೇನೆ. ಒಂದು ಟನ್ ಇಂಧನದಿಂದ ಎಷ್ಟು ಶಕ್ತಿ ತೆಗೆಯಬಹುದು ಅನ್ನುವುದಕ್ಕೆ ಮೊದಲು 25 ಗಿಗಾವ್ಯಾಟ್-ದಿನದ ಮಿತಿ ಇಟ್ಟಿದ್ದರು, ಗುಳಿಗೆಗಳನ್ನು ಉಕ್ಕಿನ ಕೊಳವೆಯಲ್ಲಿ ತುಂಬಿದ ಕಡ್ಡಿಗಳನ್ನು ಆಗಾಗ ಹೊರತೆಗೆದು, ಗುಳಿಗೆ ಎಷ್ಟು ಉಬ್ಬಿದೆ, ಉಕ್ಕಿನ ಕೊಳವೆ ಎಷ್ಟು ಹಿಗ್ಗಿದೆ ಅಂತ ಅಳೆದು, ಹಂತ ಹಂತವಾಗಿ 150 ದಾಟಿಸಿದರು. ಶಾಖ ಬಿಟ್ಟುಕೊಡುವ ಗುಣವೂ ಇದಕ್ಕೆ ನೆರವಾಯಿತು. ಹಾಗಾದರೆ ಪಕ್ಕದ 500 ಮೆಗಾವ್ಯಾಟ್ ರಿಯಾಕ್ಟರ್‌ಗೆ ಆಕ್ಸೈಡ್ ಯಾಕೆ ಅಂತೀರಾ? ಹೊತ್ತಿಕೊಳ್ಳುವ ಪುಡಿಯನ್ನು ಟನ್‌ಗಟ್ಟಲೆ ಸಂಭಾಳಿಸುವುದು ಕಷ್ಟ, ಆಕ್ಸೈಡ್ ಮಾಡಿ ಕೈ ಪಳಗಿದೆ. ನನಗೇನೋ ಕಾರ್ಬೈಡೇ ಇಷ್ಟ. ನಮಸ್ಕಾರ.